ದೇಶದ ಮರವನ್ನು ಯಾವ ಲೆಕ್ಕದಲ್ಲಿ ಆರಿಸ್ತಾರೆ? ಆರಿಸಿದ ಮೇಲೆ ಆ ಮರಕ್ಕೆ ಏನಾದ್ರೂ ಸಿಗುತ್ತಾ?

ಎಲೆಹಸಿರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಒಂದು ವಾರದಿಂದ ಇದೇ ತಲೆಯಲ್ಲಿ ಕೂತಿದೆ. ಇಲ್ಲಿ ಮರಗಿಡದ ವಿಷಯ ಬಲ್ಲವರು ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನನ್ನ ಮಗಳಿಗೆ ಒಂಬತ್ತು ವರ್ಷ. ಬಾವುಟಗಳ ಚಿತ್ರ ಬಿಡಿಸುವ ಹುಚ್ಚು. ಮೊನ್ನೆ ಲೆಬನಾನ್ ದೇಶದ ಬಾವುಟ ಬಿಡಿಸುತ್ತಾ ಕೂತಿದ್ದಳು. ಮೇಲೆ ಕೆಳಗೆ ಕೆಂಪು ಪಟ್ಟಿ, ನಡುವೆ ಬಿಳಿ, ಆ ಬಿಳಿಯಲ್ಲಿ ಒಂದು ಹಸಿರು ಮರ. ಬಣ್ಣ ಹಚ್ಚುತ್ತಾ ಹಚ್ಚುತ್ತಾ ತಲೆಯೆತ್ತಿ ಕೇಳಿದಳು: "ಈ ಮರ ಎಲ್ಲಾ ಕಡಿದುಹಾಕಿದ್ರೆ ಬಾವುಟ ಬದಲಾಯಿಸ್ತಾರಾ?" ನನಗೆ ಏನು ಹೇಳಬೇಕೋ ತೋಚಲಿಲ್ಲ.

ಆಮೇಲೆ ಬೇರೆ ಬೇರೆ ದೇಶಗಳ ಮರ ಯಾವುದು ಅಂತ ಹುಡುಕುತ್ತಾ ಹೋದೆ. ಭಾರತಕ್ಕೆ ಆಲ, ಪಾಕಿಸ್ತಾನಕ್ಕೆ ದೇವದಾರು, ಶ್ರೀಲಂಕಾಕ್ಕೆ ನಾಗಸಂಪಿಗೆ, ಬಾಂಗ್ಲಾದೇಶಕ್ಕೆ ಮಾವು, ಕಾಂಬೋಡಿಯಾಕ್ಕೆ ತಾಳೆ, ಕೆನಡಾಕ್ಕೆ ಮೇಪಲ್. ಕ್ಯೂಬಾದ ಲಾಂಛನದಲ್ಲಿ ರಾಯಲ್ ಪಾಮ್ ಇದೆ, ಸೆನೆಗಲ್ ಲಾಂಛನದಲ್ಲಿ ಬಾವೊಬಾಬ್ ಇದೆ. ಓದುತ್ತಾ ಹೋದಷ್ಟೂ ಗೊಂದಲ ಜಾಸ್ತಿಯಾಯಿತು. ಕೆಲವು ಮರ ಎಲ್ಲಿ ನೋಡಿದರೂ ಇರುವಂಥವು, ಕೆಲವನ್ನು ಹುಡುಕಿಕೊಂಡು ಹೋಗಬೇಕು. ಒಂದೇ ಅಳತೆಗೋಲು ಕಾಣಿಸುವುದಿಲ್ಲ.

ನನ್ನ ಪ್ರಶ್ನೆ ಎರಡು. ಜಾಸ್ತಿ ಇರುವ ಮರ, ಉಪಯೋಗಕ್ಕೆ ಬರುವ ಮರ, ಕಥೆ ಇರುವ ಮರ, ಇವುಗಳಲ್ಲಿ ಯಾವುದನ್ನು ನೋಡಿ ಆರಿಸ್ತಾರೆ? ಮತ್ತೆ, ಹೀಗೆ ಹೆಸರು ಬಂದಮೇಲೆ ಮರಕ್ಕೆ ನಿಜವಾಗಿ ಏನಾದರೂ ಒಳ್ಳೆಯದಾಗುತ್ತಾ, ಅಥವಾ ಬರೀ ಚಿತ್ರವಾಗಿ ಉಳಿಯುತ್ತಾ?

---

ಕೊಂಬೆರೆಂಬೆ:

ಮೊದಲು ಒಂದು ವಿಷಯ ಬೇರೆ ಮಾಡಿಕೊಳ್ಳಿ. ಬಾವುಟದಲ್ಲಿ ಮರ ಇರುವುದು ಬೇರೆ, ಕಾನೂನು ಮಾಡಿ ಘೋಷಿಸುವುದು ಬೇರೆ, ಜನ ರೂಢಿಯಿಂದ ನಮ್ಮ ಮರ ಅಂತ ಅಂದುಕೊಂಡು ಬಂದದ್ದು ಬೇರೆ. ಎಷ್ಟೋ ಪಟ್ಟಿಗಳಲ್ಲಿ ಮೂರನ್ನೂ ಕಲಸಿ ಬರೆದಿರುತ್ತಾರೆ.

ಕೆನಡಾವನ್ನೇ ನೋಡಿ. ಮೇಪಲ್ ಎಲೆಯ ಬಾವುಟ ಹಾರಿದ್ದು 1965ರ ಫೆಬ್ರವರಿ 15ರಂದು. ಆದರೆ ಮರಕ್ಕೆ ಅಧಿಕೃತವಾಗಿ ಪಟ್ಟ ಕಟ್ಟಿದ್ದು 1996ರಲ್ಲಿ. ಎಲೆ ಮೊದಲು ಬಾವುಟ ಹತ್ತಿತು, ಮರ 31 ವರ್ಷ ಕಾಯಿತು. ಬಾವುಟದ ಎಲೆಗೆ 11 ತುದಿ ಇದೆ, ಅದು ಯಾವ ಮೇಪಲ್ ಜಾತಿಯ ಎಲೆಗೂ ಸರಿಯಾಗಿ ಹೊಂದುವುದಿಲ್ಲ. ಬೇಕೆಂದೇ ಯಾವುದೋ ಒಂದು ಜಾತಿಗೆ ಕಟ್ಟಿಹಾಕದೆ ಮೇಪಲ್ ಕುಲವನ್ನೇ ಆರಿಸಿಕೊಂಡಿದ್ದಾರೆ. ಪಾಕ ತೆಗೆಯುವ ಸಕ್ಕರೆ ಮೇಪಲ್ ಅಲ್ಲಿ ಪೂರ್ವ ಭಾಗದಲ್ಲಿ ಮಾತ್ರ ತಾನಾಗಿ ಬೆಳೆಯುತ್ತದೆ, ಪಶ್ಚಿಮದವರಿಗೆ ಅದು ಊರಿನ ಮರವೇ ಅಲ್ಲ. ಆದರೆ ಯಾವುದೋ ಒಂದು ಮೇಪಲ್ ಪ್ರತಿ ಪ್ರಾಂತ್ಯದಲ್ಲೂ ಇದೆ.

ಅಮೆರಿಕವೂ ಹಾಗೇ ಮಾಡಿತು. 2001ರಲ್ಲಿ ಜನರ ಮತ ಕೇಳಿದರು. ಓಕ್ ಗೆದ್ದಿತು, ರೆಡ್‌ವುಡ್ ಎರಡನೆಯದು. 2004ರಲ್ಲಿ ಅದು ಕಾನೂನಾಯಿತು. ಅಲ್ಲಿಯೂ ಒಂದು ಜಾತಿ ಅಲ್ಲ, ಇಡೀ ಓಕ್ ಕುಲ. ರೆಡ್‌ವುಡ್ ಎಷ್ಟೇ ಎತ್ತರ ಇದ್ದರೂ ಅದು ಒಂದು ಕರಾವಳಿಯ ಮರ. ಓಕ್ ಮರವನ್ನು ಬಹಳಷ್ಟು ಜನ ತಮ್ಮ ಬೀದಿಯಲ್ಲೇ ನೋಡಿರುತ್ತಾರೆ.

ಜರ್ಮನಿಯವರ 1, 2, 5 ಸೆಂಟ್ ನಾಣ್ಯ ಸಿಕ್ಕಿದರೆ ತಿರುಗಿಸಿ ನೋಡಿ, ಓಕ್ ಟೊಂಗೆ ಇರುತ್ತದೆ. ಕ್ರೊಯೇಷಿಯಾದಲ್ಲಿ ಯೂರೋ ಬರುವ ತನಕ, ಅಂದರೆ 2023ರ ತನಕ, ಚಿಲ್ಲರೆಗೇ ಲೀಪಾ ಅಂತ ಹೆಸರಿತ್ತು. ಲೀಪಾ ಅಂದರೆ ಅವರ ಲಿಂಡನ್ ಮರ.

---

ಬಿಲ್ಲುಹಿಡಿ:

ನಾನು ಪಿಟೀಲು ನುಡಿಸುತ್ತೇನೆ, ಅದಕ್ಕೇ ಬ್ರೆಜಿಲ್ ಬಗ್ಗೆ ಹೇಳದೆ ಇರಲಾರೆ.

ಎಲ್ಲಾ ಕಡೆ ದೇಶ ಮರವನ್ನು ಆರಿಸಿದೆ, ಅಲ್ಲಿ ಮರವೇ ದೇಶಕ್ಕೆ ಹೆಸರು ಕೊಟ್ಟಿದೆ. 1500ರಲ್ಲಿ ಪೋರ್ಚುಗೀಸರು ಆ ತೀರಕ್ಕೆ ಬಂದಾಗ ಕೈಗೆ ಸಿಕ್ಕ ಮೊದಲ ದೊಡ್ಡ ಸರಕು ಪೌ ಬ್ರಾಸಿಲ್ ಮರ. ಅದರ ಚೇಗಿನಿಂದ ಬಟ್ಟೆಗೆ ಹಾಕುವ ಕೆಂಪು ಬಣ್ಣ ಬರುತ್ತದೆ. ಅದಕ್ಕೂ ಮೊದಲು ಯುರೋಪಿನವರು ಇಂಥ ಬಣ್ಣವನ್ನು ಏಷ್ಯಾದ ಸಪ್ಪಂಗ ಮರದಿಂದ ತೆಗೆಯುತ್ತಿದ್ದರು, ಆ ಸಪ್ಪಂಗಕ್ಕೇ ಬ್ರೆಜಿಲ್ ಅನ್ನುವ ಹೆಸರಿತ್ತು. ಆ ಹೆಸರು ಹೊಸ ಮರಕ್ಕೆ ಹೋಯಿತು, ಮರದಿಂದ ನೆಲಕ್ಕೆ ಅಂಟಿಕೊಂಡಿತು. ಆಮೇಲೆ ಕಡಿದರು ನೋಡಿ, ನೂರಾರು ವರ್ಷ ಕಡಿದರು. ಅದು ಬೆಳೆಯುವ ಅಟ್ಲಾಂಟಿಕ್ ಕಾಡೂ ಚೂರುಚೂರಾಯಿತು. 1978ರಲ್ಲಿ ಕಾನೂನು ಮಾಡಿ ಅದನ್ನು ರಾಷ್ಟ್ರೀಯ ಮರ ಅಂದರು, ಮೇ 3ನ್ನು ಅದರ ದಿನ ಅಂತ ಗೊತ್ತುಮಾಡಿದರು. ಅಷ್ಟು ಹೊತ್ತಿಗೆ ಕಾಡಿನಲ್ಲಿ ಅದನ್ನು ಹುಡುಕಬೇಕಾದ ಸ್ಥಿತಿ ಬಂದಿತ್ತು. ಈಗಲೂ ಅದು ಅಳಿವಿನಂಚಿನ ಮರಗಳ ಸಾಲಿನಲ್ಲಿದೆ.

ಪಿಟೀಲಿಗೂ ಇದಕ್ಕೂ ಏನು ಸಂಬಂಧ ಅಂದರೆ, ಒಳ್ಳೆಯ ಕಮಾನನ್ನು ಇದೇ ಮರದಿಂದ ಮಾಡುತ್ತಾರೆ. ನಮ್ಮ ಕಡೆ ಪೆರ್ನಾಂಬುಕೊ ಅಂತೇವೆ. 18ನೇ ಶತಮಾನದ ಕೊನೆಗೆ ಪ್ಯಾರಿಸಿನ ಫ್ರಾನ್ಸ್ವಾ ತೂರ್ಟ್ ಕಮಾನಿಗೆ ಈಗಿನ ರೂಪ ಕೊಟ್ಟಾಗಿನಿಂದ ಇದೇ ನಡೆದುಬಂದಿದೆ. ನನ್ನ ಗುರುಗಳ ಹತ್ತಿರ ಅಂಥದ್ದೊಂದು ಹಳೆಯ ಕಮಾನಿತ್ತು, ಒಮ್ಮೆ ನನ್ನ ಕೈಗೆ ಕೊಟ್ಟರು. ಬೆರಳಿನಷ್ಟೂ ದಪ್ಪ ಇಲ್ಲದ ಕಡ್ಡಿ, ಕಂದುಗೆಂಪು ಬಣ್ಣ. ಬೆಂಕಿಯ ಕಾವಿನಲ್ಲಿ ಬಗ್ಗಿಸಿದ ಬಾಗು ಅಷ್ಟು ವರ್ಷವಾದರೂ ಹಾಗೇ ಇತ್ತು. ಒತ್ತಿದರೆ ಬಗ್ಗುತ್ತದೆ, ಬಿಟ್ಟ ಕೂಡಲೇ ಮೊದಲಿನ ಹಾಗೆ ನಿಲ್ಲುತ್ತದೆ. ಬೇರೆ ಕಮಾನು ಹಿಡಿದು ಇದನ್ನು ಹಿಡಿದರೆ ಕೈಗೇ ಗೊತ್ತಾಗುತ್ತದೆ.

2007ರಿಂದ ಆ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಪರವಾನಗಿಯ ನಿಯಮ ಬಂದಿದೆ. ಕಷ್ಟವಾದರೂ ಸರಿಯೇ, ನಾನು ಅದರ ಪರ. ನನ್ನದು ಈಗ ಕಾರ್ಬನ್ ಫೈಬರ್ ಕಮಾನು. ನಾದ ಸ್ವಲ್ಪ ಬೇರೆ, ನಿಜ. ಆದರೆ ಆ ಮರ ಕಾಡಿನಲ್ಲಿ ನಿಂತಿರಲಿ ಅಂತ ನನಗೆ ಮನಸಾರೆ ಅನಿಸುತ್ತದೆ.

ನಿಮ್ಮ ಎರಡನೇ ಪ್ರಶ್ನೆಗೆ ನನ್ನ ಉತ್ತರ: ಪಟ್ಟ ಕಟ್ಟಿದ ಮಾತ್ರಕ್ಕೆ ಮರ ಉಳಿಯುವುದಿಲ್ಲ. ಎಷ್ಟೋ ಸಲ ಕಳೆದುಕೊಂಡ ಮೇಲೇ ಪಟ್ಟ ಕಟ್ಟುತ್ತಾರೆ.

---

ನೆರಳಿಗ:

ಮಗಳ ಪ್ರಶ್ನೆ ತುಂಬಾ ಚೆನ್ನಾಗಿದೆ. ಅವಳಿಗೆ ಬೆಲೀಜ್ ದೇಶದ ಬಾವುಟವನ್ನೂ ತೋರಿಸಿ. ಅದರಲ್ಲಿ ಮಹಾಗನಿ ಮರ ಇದೆ, ಮುಂದೆ ಇಬ್ಬರು ನಿಂತಿದ್ದಾರೆ, ಒಬ್ಬನ ಕೈಯಲ್ಲಿ ಕೊಡಲಿ. ಅವರು ಮರ ಕಡಿಯುವವರೇ! ಕೆಳಗೆ ಲ್ಯಾಟಿನ್ ಭಾಷೆಯಲ್ಲಿ "ನೆರಳಿನಲ್ಲಿ ನಾನು ಏಳಿಗೆಯಾಗುತ್ತೇನೆ" ಅಂತ ಬರೆದಿದೆ. ಬ್ರಿಟಿಷರು ಅಲ್ಲಿ ನೆಲೆಯೂರಿದ್ದೇ ಮರಕ್ಕಾಗಿ. ಮೊದಲು ಬಣ್ಣದ ಮರ, ಆಮೇಲೆ ಮಹಾಗನಿ. ಕಾಡಿನಲ್ಲಿ ದುಡಿದ ಕೈಗಳನ್ನು ಬಾವುಟದಲ್ಲಿ ಮರೆಯದೆ ಇಟ್ಟಿದ್ದಾರೆ, ಅದು ನನಗೆ ಇಷ್ಟವಾಯಿತು.

---

ಎಲೆಹಸಿರು:

ಕೊಂಬೆರೆಂಬೆ, ಬಿಲ್ಲುಹಿಡಿ, ನೆರಳಿಗ, ಮೂವರಿಗೂ ಧನ್ಯವಾದ. ಬ್ರೆಜಿಲ್ ಕಥೆ ಓದಿ ಹೇಳಿದೆ, ಅವಳು ಸುಮ್ನೆ ಕೂತು ಕೇಳಿದಳು. ಆದರೆ ಲೆಬನಾನ್ ವಿಷಯ ಬಿಡುತ್ತಿಲ್ಲ. ಆ ಮರ ಈಗ ಇದೆಯಾ ಇಲ್ವಾ, ಅದನ್ನು ಹೇಳಿ ಅಂತಾಳೆ.

---

ಮಂಜುಬೆಟ್ಟ:

ಇದೆ, ಮಗಳಿಗೆ ಹೇಳಿ. ಕಡಿಮೆ ಇದೆ, ಆದರೆ ಇದೆ.

ಅದು ಸೀಡರ್, ನಮ್ಮ ಹಿಮಾಲಯದ ದೇವದಾರುವಿನ ಹತ್ತಿರದ ನೆಂಟ, ಎರಡೂ ಒಂದೇ ಕುಲ. ಒಂದು ಕಾಲಕ್ಕೆ ಲೆಬನಾನಿನ ಬೆಟ್ಟಗಳ ಮೇಲೆ ಅದೇ ಕಾಡು. ಫಿನೀಷಿಯನ್ನರು ಹಡಗು ಕಟ್ಟಿದರು, ಈಜಿಪ್ಟಿನವರು ಸಮುದ್ರದಾಚೆಯಿಂದ ತರಿಸಿಕೊಂಡರು. ರೋಮಿನ ದೊರೆ ಹೇಡ್ರಿಯನ್ ಕಾಲಕ್ಕೇ ಕಾಡು ಕರಗುವ ಭಯ ಬಂದಿತ್ತೋ ಏನೋ, ಈ ಮರಗಳು ದೊರೆಗೆ ಸೇರಿದ್ದು ಅಂತ ಬೆಟ್ಟದ ಬಂಡೆಗಳ ಮೇಲೆ ಕೆತ್ತಿಸಿದ. ಅಂಥ ಶಾಸನಗಳು 200ಕ್ಕೂ ಹೆಚ್ಚು ಸಿಕ್ಕಿವೆ. ಸುಮಾರು 1900 ವರ್ಷದ ಹಿಂದಿನ ಅರಣ್ಯ ಇಲಾಖೆ ಬೋರ್ಡ್ ಅಂದುಕೊಳ್ಳಿ.

ಆದರೂ ಕಡಿತ ನಿಲ್ಲಲಿಲ್ಲ. ಕೊಡಲಿಯ ಜೊತೆಗೆ ಮೇಕೆಯೂ ಸೇರಿತು. ದೊಡ್ಡ ಮರಕ್ಕೆ ಮೇಕೆ ಏನೂ ಮಾಡುವುದಿಲ್ಲ, ಎಳೆ ಸಸಿಯನ್ನು ಒಂದು ಬಾಯಿಗೆ ಮುಗಿಸುತ್ತದೆ. ಹೊಸ ಮರ ಬರದಿದ್ದರೆ ಹಳೆಯವು ಎಷ್ಟು ದಿನ? ಬ್ಶಾರಿ ಹತ್ತಿರದ ಹಳೆಯ ತೋಪಿನ ಸುತ್ತ 1876ರಲ್ಲಿ ಎತ್ತರದ ಕಲ್ಲುಗೋಡೆ ಎದ್ದಿತು. ದುಡ್ಡು ಕೊಟ್ಟವರು ಇಂಗ್ಲೆಂಡಿನ ವಿಕ್ಟೋರಿಯಾ ರಾಣಿ, ಕಾರಣ ಮೇಕೆಗಳು. ಈಗಿನ ಬಾವುಟ ಬಂದದ್ದು ಆಮೇಲೆ, 1943ರ ಡಿಸೆಂಬರ್ 7ರಂದು. ಬಿಳಿ ಪಟ್ಟಿಯ ನಡುವೆ ಹಸಿರು ಸೀಡರ್ ಇರಬೇಕು ಅಂತ ಸಂವಿಧಾನದ 5ನೇ ವಿಧಿಯಲ್ಲೇ ಇದೆ. ಆ ತೋಪು ಕದೀಶಾ ಕಣಿವೆಯ ಜೊತೆ 1998ರಲ್ಲಿ ಯುನೆಸ್ಕೋ ಪಟ್ಟಿ ಸೇರಿತು.

ಈಗ ಇರುವ ಭಯ ಬೇರೆ. ಈ ಮರಕ್ಕೆ ಚಳಿ ಬೇಕು, ಹಿಮ ಬೇಕು. ಬಿಸಿಲು ಜಾಸ್ತಿಯಾದಂತೆ ಅದಕ್ಕೆ ಒಗ್ಗುವ ಜಾಗ ಬೆಟ್ಟದಲ್ಲಿ ಮೇಲೆ ಮೇಲೆ ಸರಿಯುತ್ತಿದೆ, ತುದಿ ಮುಟ್ಟಿದ ಮೇಲೆ ಎಲ್ಲಿಗೆ ಹೋಗುವುದು? ಸಸಿ ನೆಡುತ್ತಿದ್ದಾರೆ, ಅದು ನಿಜವಾದ ಕೆಲಸ. ಆದರೆ ಈ ಮರ ಕಾಯಿ ಬಿಡಲು ಸುಮಾರು 40 ವರ್ಷ ತೆಗೆದುಕೊಳ್ಳುತ್ತದೆ. ಇವತ್ತು ನೆಟ್ಟವರು ಅದರ ಬೀಜ ನೋಡುವ ಹೊತ್ತಿಗೆ ಮುದುಕರಾಗಿರುತ್ತಾರೆ.

ಹಾಗಾಗಿ ಬಿಲ್ಲುಹಿಡಿ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ಪಟ್ಟ ಕಟ್ಟಿದ್ದು ಪೂರ್ತಿ ದಂಡವಲ್ಲ. ಬಾವುಟದಲ್ಲಿ ಇರುವ ಮರ ಸಾಯುತ್ತಿದೆ ಅಂದರೆ ಜನ ಕಿವಿಗೊಡುತ್ತಾರೆ. ಬೇರೆ ಮರಕ್ಕೆ ಅಷ್ಟು ಬೇಗ ಕಿವಿಗೊಡುವುದಿಲ್ಲ.

---

ಬೀಜದಬುಟ್ಟಿ:

ನಾನು ಸಸಿ ಬೆಳೆಸುವ ಕೆಲಸದವಳು. ಮೇಲೆ ಹೇಳಿದ ಒಂದು ಮಾತಿಗೆ ನನ್ನ ತಕರಾರು ಇದೆ. ಎಲ್ಲರ ಬೀದಿಯಲ್ಲೂ ಇರುವ ಮರವೇ ಆಗಬೇಕು ಅಂತೇನಿಲ್ಲ. ಶ್ರೀಲಂಕಾದವರು 1986ರಲ್ಲಿ ನಾಗಸಂಪಿಗೆಯನ್ನು ಆರಿಸಿಕೊಂಡರು, ಅವರ ಭಾಷೆಯಲ್ಲಿ "ನಾ" ಮರ. ಅದು ಆತುರದವರ ಮರವಲ್ಲ. ಬಹಳ ನಿಧಾನ. ಒಂದು ಸಸಿ ಮೊಣಕಾಲೆತ್ತರ ಬರುವುದರೊಳಗೆ ಪಕ್ಕದಲ್ಲಿ ನೆಟ್ಟ ಬೇರೆ ಗಿಡ ತಲೆ ಮೇಲೆ ಹೋಗಿರುತ್ತದೆ. ಮರ ಎಷ್ಟು ಗಟ್ಟಿ ಅಂದರೆ ಹಿಂದೆ ರೈಲು ಹಳಿಯ ಕೆಳಗೆ ಹಾಸುತ್ತಿದ್ದರು, ಚೇಗು ನೀರಿಗೆ ಹಾಕಿದರೆ ಮುಳುಗುತ್ತದೆ. ಇಂಗ್ಲಿಷಿನಲ್ಲೂ ಕಬ್ಬಿಣದ ಮರ ಅಂತಲೇ ಕರೆಯುತ್ತಾರೆ.

ಅಷ್ಟು ಗಟ್ಟಿ ಮರದ ಚಿಗುರು ನೋಡಬೇಕು ನೀವು. ಗುಲಾಬಿಗೆಂಪು, ಒದ್ದೆ ಬಟ್ಟೆಯ ಹಾಗೆ ಜೋತುಬಿದ್ದಿರುತ್ತದೆ, ಮುಟ್ಟಿದರೆ ಬೆರಳಿಗೆ ಭಾರವೇ ಇಲ್ಲ. ಮೊದಲ ಸಲ ನೋಡಿದಾಗ ಸಸಿ ಬಾಡಿತು ಅಂತ ಹೆದರಿ ನೀರು ಹಾಕಿದ್ದೆ. ಕೆಲವು ದಿನ ಬಿಟ್ಟು ನೋಡಿದರೆ ಎಲೆ ಹಸಿರಾಗಿ, ಗಟ್ಟಿಯಾಗಿ, ನೇರ ನಿಂತಿತ್ತು. ಹೂವಿಗೆ ನಾಲ್ಕು ಬಿಳಿ ಎಸಳು, ನಡುವೆ ಹಳದಿ ಕೇಸರಗಳ ಗೊಂಚಲು.

ಮಗಳಿಗೆ ಹೇಳಿ: ಬೇಗ ಬೆಳೆಯುವ ಮರ ಬೇಕಾದಷ್ಟಿದೆ. ನಿಧಾನದ ಮರವನ್ನು ಯಾರಾದರೂ ನಮ್ಮದು ಅನ್ನದೆ ಹೋದರೆ ಅದನ್ನು ನೆಡುವವರೇ ಇರುವುದಿಲ್ಲ.

---

ಬಿಳಲು:

ಕಥೆ ನೋಡಿ ಆರಿಸಿದ್ದಕ್ಕೆ ಬಾಂಗ್ಲಾದೇಶದ ಮಾವಿಗಿಂತ ಒಳ್ಳೆಯ ಉದಾಹರಣೆ ಇಲ್ಲ. 1757ರ ಪ್ಲಾಸಿ ಕದನ ನಡೆದದ್ದು ಮಾವಿನ ತೋಪಿನ ಬಳಿ, ಬಂಗಾಳ ಕೈತಪ್ಪಿದ್ದು ಅಲ್ಲಿ. 1971ರ ಏಪ್ರಿಲ್ 17ರಂದು ಅವರ ಮೊದಲ ಸರ್ಕಾರ ಪ್ರಮಾಣ ಮಾಡಿದ್ದೂ ಒಂದು ಮಾವಿನ ತೋಪಿನಲ್ಲೇ, ಆ ಜಾಗವೇ ಈಗಿನ ಮುಜೀಬ್‌ನಗರ. ರಾಷ್ಟ್ರಗೀತೆಯಲ್ಲೂ ಮಾವಿನ ತೋಪಿನ ಪರಿಮಳ ಬರುತ್ತದೆ. 2010ರಲ್ಲಿ ರಾಷ್ಟ್ರೀಯ ಮರ ಅಂತ ಘೋಷಿಸಿದಾಗ ಯಾರಿಗೂ ಆಶ್ಚರ್ಯ ಆಗಿರಲಿಕ್ಕಿಲ್ಲ.

ಇನ್ನು ಆಲ. ಅಪ್ಪ ನೆಟ್ಟ ಆಲದ ಮರ ಅಂತ ಗಾದೆ ಇದೆ, ನಾವು ಅದನ್ನು ಹಳೆಯದಕ್ಕೆ ಜೋತುಬೀಳುವವರನ್ನು ಬೈಯಲು ಬಳಸುತ್ತೇವೆ. ಆದರೆ ಆ ಮರದಷ್ಟು ಹೊಸದಾಗುತ್ತಾ ಹೋಗುವ ಮರ ಇನ್ನೊಂದಿಲ್ಲ. ಹೌರಾದ ಸಸ್ಯೋದ್ಯಾನದಲ್ಲಿ 250 ವರ್ಷ ದಾಟಿದ ಆಲ ಇದೆ. 1864 ಮತ್ತು 1867ರ ಚಂಡಮಾರುತಗಳಿಗೆ ಸಿಕ್ಕಿ ದೊಡ್ಡ ಕೊಂಬೆ ಮುರಿಯಿತು, ಗಾಯಕ್ಕೆ ಅಣಬೆರೋಗ ಹತ್ತಿತು, ಕೊನೆಗೆ 1925ರಲ್ಲಿ ಮೂಲ ಬೊಡ್ಡೆಯನ್ನೇ ತೆಗೆದುಹಾಕಿದರು. ಮರ ಸಾಯಲಿಲ್ಲ. ನೆಲಕ್ಕಿಳಿದ ಬಿಳಲುಗಳೇ ಬೊಡ್ಡೆಯಾದವು, ಈಗ ಅವು 3000ಕ್ಕೂ ಜಾಸ್ತಿ. ನೂರು ವರ್ಷವಾಯಿತು, ಹುಟ್ಟಿದ ಬುಡ ಇಲ್ಲದೆ ಮರ ಅಗಲವಾಗುತ್ತಲೇ ಇದೆ. ಇಂಡೋನೇಷ್ಯಾದ ಲಾಂಛನದಲ್ಲೂ ಆಲವಿದೆ, ಅಲ್ಲಿ ಅದರ ಅರ್ಥ ದೇಶದ ಒಗ್ಗಟ್ಟು. ಸಾವಿರಾರು ದ್ವೀಪಗಳ ದೇಶ ಇದನ್ನು ಆರಿಸಿದ್ದು ಎಷ್ಟು ಸರಿ ಅಲ್ವಾ?

---

ಎಲೆಹಸಿರು:

ಎಲ್ಲಾ ಉತ್ತರವನ್ನೂ ಅವಳಿಗೆ ಓದಿ ಹೇಳಿದೆ. ಲೆಬನಾನ್ ಚಿತ್ರವನ್ನು ಹೊಸದಾಗಿ ಬಿಡಿಸಿದ್ದಾಳೆ. ಬಾವುಟ ಅಲ್ಲ ಈ ಸಲ, ಬರೀ ಬೆಟ್ಟ. ಹಿಮ, ಕಲ್ಲುಗೋಡೆ, ಒಳಗೆ ಮರಗಳು, ಗೋಡೆಯಾಚೆ ಐದು ಮೇಕೆ. ಮರಗಳಿಗೆ ಕಾಯಿಯನ್ನೂ ಜೋತುಬಿಟ್ಟಿದ್ದಾಳೆ, ಮಾವಿನಕಾಯಿ ಹಾಗೆ. ಮಂಜುಬೆಟ್ಟ ಅವರೇ, ಅದು ಸರಿಯಾ?

---

ಮಂಜುಬೆಟ್ಟ:

ಕಾಯಿ ಮಾತ್ರ ತಿದ್ದಬೇಕು. ಸೀಡರ್ ಕಾಯಿ ಜೋತುಬೀಳುವುದಿಲ್ಲ, ಕೊಂಬೆಯ ಮೇಲೆ ಮೊಟ್ಟೆ ನಿಲ್ಲಿಸಿದ ಹಾಗೆ ನೆಟ್ಟಗೆ ಕೂತಿರುತ್ತದೆ. ಮಾಗಲು ಒಂದು ವರ್ಷಕ್ಕೂ ಜಾಸ್ತಿ ಬೇಕು. ಆಮೇಲೆ ಇಡಿಯಾಗಿ ಬೀಳದೆ, ಕೊಂಬೆಯಲ್ಲೇ ಪದರ ಪದರವಾಗಿ ಬಿಚ್ಚಿಕೊಂಡು ರೆಕ್ಕೆಯ ಬೀಜಗಳನ್ನು ಗಾಳಿಗೆ ಬಿಡುತ್ತದೆ. ಕೆಲವು ಬೀಜ ಗೋಡೆಯಾಚೆಗೂ ಹಾರುತ್ತವೆ, ಅವನ್ನೂ ಬಿಡಿಸಲು ಹೇಳಿ.