ಅಪ್‌ಡೇಟ್: ಬಯಾಪ್ಸಿ ರಿಪೋರ್ಟ್ ಬಂತು

ಮ್ಯಾಮೊಗ್ರಾಂನಲ್ಲಿ (ಸ್ತನದ ಎಕ್ಸ್‌ರೇ) ಬೈರಾಡ್ಸ್ 4ಎ (ಕ್ಯಾನ್ಸರ್ ಅನುಮಾನ ಎಷ್ಟು ಅಂತ ಹೇಳುವ ದರ್ಜೆ) ಅಂತ ಬಂದಿದೆ, ಬಯಾಪ್ಸಿ (ಗಂಟಿನ ತುಣುಕು ತೆಗೆದು ಮಾಡುವ ಪರೀಕ್ಷೆ) ರಿಪೋರ್ಟ್ ಬರುವ ತನಕ ಹೇಗೆ ತಡೆದುಕೊಳ್ಳಲಿ ಅಂತ ಕೇಳಿದ್ದೆನಲ್ಲ, ರಿಪೋರ್ಟ್ ಬಂತು. ಫೈಬ್ರೊಅಡಿನೋಮಾ, ಅಂದ್ರೆ ಸ್ತನದಲ್ಲಿ ಆಗುವ ಒಂದು ಸಾಮಾನ್ಯ ಗಂಟು. ಕ್ಯಾನ್ಸರ್ ಅಲ್ಲ. ಉತ್ತರ ಕೊಟ್ಟ ಎಲ್ಲರಿಗೂ ತುಂಬಾ ಥ್ಯಾಂಕ್ಸ್.

ಕಾಯುತ್ತಿರುವವರಿಗೆ ಹೇಳುತ್ತೇನೆ. ರಾತ್ರಿಯೇ ಜಾಸ್ತಿ ಕಷ್ಟ. ಹಗಲು ಕೆಲಸದಲ್ಲಿ ಹೇಗೋ ಕಳೆಯುತ್ತದೆ. ನನಗೆ ನಿಜಕ್ಕೂ ಸಹಾಯವಾಗಿದ್ದು ಡಾಕ್ಟರ್ ಹತ್ತಿರ ನೇರವಾಗಿ ಕೇಳಿದ್ದು: 4ಎ ಅಂದ್ರೆ ಕ್ಯಾನ್ಸರ್ ಇರುವ ಸಾಧ್ಯತೆ ನೂರಕ್ಕೆ 2ರಿಂದ 10 ಮಾತ್ರ ಅಂದರು. ರಿಪೋರ್ಟ್ ತಡವಾದರೆ ಏನೋ ಕೆಟ್ಟದ್ದೇ ಇರಬೇಕು ಅನಿಸುತ್ತದೆ, ಅಲ್ವಾ? ಆದರೆ ತೆಗೆದ ತುಣುಕನ್ನು ಫಾರ್ಮಲಿನ್‌ನಲ್ಲಿಟ್ಟು, ಮೇಣದಲ್ಲಿ ಕೂರಿಸಿ, ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ ಆಮೇಲೆ ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಅದಕ್ಕೇ ಅಷ್ಟು ದಿನ ಹಿಡಿಯುತ್ತದೆ.

ರಾತ್ರಿ ಗೂಗಲ್ ಮಾಡುವುದನ್ನು ನಿಲ್ಲಿಸಿ, ಫೋನನ್ನು ಅಕ್ಕನ ಕೈಗೆ ಕೊಟ್ಟೆ. ನಿದ್ದೆ ಬಾರದ ಒಂದು ರಾತ್ರಿ ಟೆಲಿ ಮಾನಸ್ ಅನ್ನೋ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿದೆ. ಅದು ಸರ್ಕಾರದ್ದು, ಉಚಿತ, 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಸುಮ್ನೆ ಕೇಳಿಸಿಕೊಂಡರು, ಅದೇ ನನಗೆ ಬೇಕಿತ್ತು.

ಗಂಟು ಬೆಳೆಯುತ್ತಿದೆಯಾ ಅಂತ ನೋಡಲು ಆರು ತಿಂಗಳಿಗೆ ಮತ್ತೆ ಸ್ಕ್ಯಾನ್ ಇದೆ. ಈ ಸಲ ಅಕ್ಕನೂ ಜೊತೆಗೆ ಬರುತ್ತಾಳೆ.