ಮಾತು ಕೇಳದ ‘ದಿ ಆರ್ಟಿಸ್ಟ್’: ಚೆಂದವೋ, ಬರೀ ಗಿಮಿಕ್ಕೋ?

ಕೊನೇಸಾಲು: 2011ರ ‘ದಿ ಆರ್ಟಿಸ್ಟ್’ ನಿನ್ನೆ ನೋಡಿದೆ. ಕಪ್ಪು ಬಿಳುಪು, ಮೂಕಿ. ಹತ್ತು ನಿಮಿಷ ನೋಡೋಣ ಅಂತ ಕೂತವನು ಮುಗಿಯುವ ತನಕ ಏಳಲಿಲ್ಲ. ಹಾಲಿವುಡ್ ಮೂಕಿ ಚಿತ್ರಗಳ ಹೀರೋ ಜಾರ್ಜ್, ಟಾಕಿ (ಮಾತಿನ ಚಿತ್ರ) ಬಂದ ಮೇಲೆ ಯಾರಿಗೂ ಬೇಡವಾಗುತ್ತಾನೆ, ಅವನ ಚಿತ್ರದಲ್ಲಿ ಸುಮ್ನೆ ಕುಣಿದು ಹೋಗಿದ್ದ ಪೆಪ್ಪಿ ಸ್ಟಾರ್ ಆಗುತ್ತಾಳೆ. ಕಥೆ ಇಷ್ಟೇ.

ಹಳೇರೀಲು: ಆ ‘ಇಷ್ಟೇ’ ಅನ್ನೋದೇ ನನ್ನ ತಕರಾರು. ಇದೇ ಕಥೆಗೆ ಬಣ್ಣ, ಮಾತು ಹಾಕಿದ್ದರೆ ಯಾರು ತಿರುಗಿ ನೋಡುತ್ತಿದ್ದರು? ಶೂಟ್ ಮಾಡಿದ್ದೂ ಕಲರ್‌ನಲ್ಲೇ, ಬಣ್ಣ ತೆಗೆದದ್ದು ಆಮೇಲೆ. 5 ಆಸ್ಕರ್ ಬಂತಲ್ಲ, ಅದಕ್ಕೇ ಎಲ್ಲರೂ ತಲೆದೂಗ್ತಾರೆ.

ಅರ್ಧಟಿಕೆಟ್: ಕೋಟಿನ ಸೀನ್ ಮರೆತಿರಾ? ಜಾರ್ಜ್ ಇಲ್ಲದಾಗ ಪೆಪ್ಪಿ ಅವನ ರೂಮಿಗೆ ಬರುತ್ತಾಳೆ. ಸ್ಟ್ಯಾಂಡಿಗೆ ನೇತುಹಾಕಿದ ಕೋಟಿನ ಒಂದು ತೋಳಿಗೆ ತನ್ನ ಕೈ ತೂರಿಸಿ, ಆ ಕೈಯಿಂದ ತನ್ನದೇ ಸೊಂಟ ಬಳಸುತ್ತಾಳೆ. ಕೈ ಅವಳದು, ತೋಳು ಅವನದು. ಅಲ್ಲಿ ಒಂದು ಡೈಲಾಗ್ ಹಾಕಿದ್ದರೂ ಕೆಡುತ್ತಿತ್ತು.

ಕೊನೇಸಾಲು: ಕನಸಿನ ಸೀನೂ ಹಾಗೇ. ಜಾರ್ಜ್ ಗ್ಲಾಸ್ ಕೆಳಗಿಡುತ್ತಾನೆ, ‘ಟಕ್’ ಅಂತ ಸದ್ದು. ಅಲ್ಲಿಯವರೆಗೆ ಬರೀ ಸಂಗೀತ ಕೇಳಿದ್ದ ನಾನು ಬೆಚ್ಚಿಬಿದ್ದೆ! ಆಮೇಲೆ ಫೋನು, ನಾಯಿ, ಹುಡುಗಿಯರ ನಗು ಎಲ್ಲಾ ಕೇಳಿಸುತ್ತದೆ, ಅವನು ಕಿರುಚಿದರೆ ಮಾತ್ರ ಏನೂ ಇಲ್ಲ. ಇದನ್ನು ಟಾಕಿಯಲ್ಲಿ ಹೇಗೆ ತೆಗೀತೀರಿ ಹೇಳಿ?

ಹಳೇರೀಲು: ಕನಸು ಒಪ್ಪಿದೆ. ಆದರೆ ಅವನು ಕುಡಿಯುತ್ತಾ ಕೊರಗುತ್ತಾ ಕೂರುವ ಭಾಗ ಎಳೆದಾಟ. ಕ್ಲೈಮ್ಯಾಕ್ಸಿಗೆ ಸಂಗೀತ ಬೇರೆ 1958ರ ‘ವರ್ಟಿಗೋ’ ಚಿತ್ರದಿಂದ ತಂದದ್ದು. ಮಾತಿಲ್ಲದ ಚಿತ್ರಕ್ಕೆ ಸಂಗೀತವೇ ಬಾಯಿ ಅಲ್ವಾ? ಮುಖ್ಯವಾದ ಜಾಗದಲ್ಲೇ ಸಾಲದ ಬಾಯಿ!

ಪುಕ್ಕಟೆಪಾಸ್: ನಮ್ಮಲ್ಲಿ 1987ರಲ್ಲೇ ‘ಪುಷ್ಪಕ ವಿಮಾನ’ ಬಂದಿತ್ತಲ್ಲ, ಇದರಲ್ಲೇನು ಹೊಸದು?

ಅರ್ಧಟಿಕೆಟ್: ಅದು ಬೇರೆ ಸ್ವಾಮಿ. ಅಲ್ಲಿ ಸದ್ದೆಲ್ಲಾ ಇದೆ, ಮಾತಾಡುವವರಿಲ್ಲ. ಇಲ್ಲಿ ಎಲ್ಲರೂ ಮಾತಾಡ್ತಾರೆ, ನಮಗೆ ಕೇಳಿಸಲ್ಲ. ತುಟಿ ಅಲ್ಲಾಡುತ್ತದೆ, ಕೆಲವು ಸಲ ಬರಹದ ಕಾರ್ಡೂ ಬರಲ್ಲ, ನಾವೇ ಊಹಿಸಿಕೊಳ್ಳಬೇಕು. ಇನ್ನೊಂದು, ಸೆಕೆಂಡಿಗೆ 22 ಫ್ರೇಮ್‌ನಲ್ಲಿ ತೆಗೆದು 24ರಲ್ಲಿ ಓಡಿಸಿದ್ದಾರೆ. ಅದಕ್ಕೇ ಎಲ್ಲರ ನಡಿಗೆಯಲ್ಲೂ ಒಂದು ಚುರುಕು.

ಕೊನೇಸಾಲು: ಕೊನೆ ನೋಡದವರು ಇದನ್ನು ಓದಬೇಡಿ. ಕುಣಿತ ನಿಂತ ಮೇಲೆ ಇಬ್ಬರ ಏದುಸಿರು ಕೇಳಿಸುತ್ತದೆ. ಆಮೇಲೆ ಜಾರ್ಜ್ ಎರಡೇ ಪದ ಇಂಗ್ಲಿಷ್ ಆಡುತ್ತಾನೆ, ಫ್ರೆಂಚ್ ಧಾಟಿಯಲ್ಲಿ. ಇಷ್ಟು ದಿನ ಟಾಕಿ ಯಾಕೆ ಬೇಡ ಅಂದಿದ್ದ ಅಂತ ಆಗ ಹೊಳೆಯಿತು.

ಹಳೇರೀಲು: ಅಯ್ಯೋ, ಆ ಧಾಟಿ ನಾನು ಗಮನಿಸಿರಲೇ ಇಲ್ಲ. ಇನ್ನೊಮ್ಮೆ ನೋಡ್ತೀನಿ. ಕುಡಿಯೋ ಭಾಗ ಮಾತ್ರ ಓಡಿಸಿಬಿಡ್ತೀನಿ.