ಪದಚರ್ಚೆ: ‘ನೇವ್’ ಎಂದರೆ ನವರಂಗವೇ?

ಇಂಗ್ಲೆಂಡಿನ ಲಿಂಕನ್‌ಶೈರ್ ಪ್ರಾಂತ್ಯದ ಬಾಸ್ಟನ್ ಊರಿನಲ್ಲಿರುವ ಸೇಂಟ್ ಬೊಟೊಲ್ಫ್ ಚರ್ಚಿನ ಬಗ್ಗೆ ಲೇಖನವೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಚರಿತ್ರೆಯ ಭಾಗ ಸಲೀಸಾಗಿ ಸಾಗಿತು. ಕಟ್ಟಡದ ಅಂಗಗಳ ಹೆಸರಿಗೆ ಬಂದಾಗ ಲೇಖನಿ ನಿಂತಿದೆ. ಬಲ್ಲವರ ಅಭಿಪ್ರಾಯ ಬೇಕು.

ಮೊದಲಿಗೆ ಚರ್ಚಿನ ದರ್ಜೆಯ ಮಾತು. ಈಗಿರುವ ಕಟ್ಟಡದ ಕೆಲಸ ಆರಂಭವಾದದ್ದು 1309ರಲ್ಲಿ. ಗಂಟೆಗೋಪುರ ಎದ್ದದ್ದು ಹದಿನೈದನೆಯ ಶತಮಾನದ ನಡುವಿನಿಂದ ಮುಂದಕ್ಕೆ. ಎತ್ತರ ಸುಮಾರು 81 ಮೀಟರ್. ಇಷ್ಟು ದೊಡ್ಡದನ್ನು ಕಂಡವರು ‘ಪ್ರಧಾನಾಲಯ’ (ಕೆಥೆಡ್ರಲ್) ಎಂದು ಬರೆದುಬಿಡುತ್ತಾರೆ. ಅದು ತಪ್ಪು. ಬಿಷಪರ ಪೀಠವಿರುವುದು ಲಿಂಕನ್ ನಗರದಲ್ಲಿ. ಬಾಸ್ಟನ್ನಿನದು ಊರವರ ಚರ್ಚು, ಅಂದರೆ ಪ್ಯಾರಿಷ್ ಚರ್ಚು. ನಮ್ಮ ಕ್ಯಾಥೊಲಿಕರು ಪ್ಯಾರಿಷ್‌ಗೆ ‘ಧರ್ಮಕೇಂದ್ರ’ ಎನ್ನುತ್ತಾರೆ, ಹಳೆಯ ಬಳಕೆಯಲ್ಲಿ ‘ವಿಚಾರಣೆ’ ಎಂದೂ ಇದೆ. ‘ವಿಚಾರಣಾ ಗುರು’ ಎಂಬ ಮಾತು ಇನ್ನೂ ಜೀವಂತವಾಗಿದೆ. ನನಗೆ ‘ವಿಚಾರಣೆ’ಯೇ ಇಷ್ಟ, ಆದರೆ ಇಂದಿನ ಓದುಗರಿಗೆ ಅದು ಪೊಲೀಸ್ ಠಾಣೆಯನ್ನು ನೆನಪಿಸುತ್ತದೆ. ಹಾಗಾಗಿ ‘ಧರ್ಮಕೇಂದ್ರದ ಚರ್ಚು’ ಎಂದಿಟ್ಟುಕೊಂಡಿದ್ದೇನೆ.

ಒಂದು ಊರಿನ ಚರ್ಚು ಇಷ್ಟು ದೊಡ್ಡದಾಗಿದ್ದೇಕೆ ಎಂದು ಕೇಳಿದರೆ ಉತ್ತರ ಉಣ್ಣೆ. ವಿದಮ್ ನದಿಯ ಈ ಬಂದರಿನಿಂದ ಉಣ್ಣೆ ಹಡಗೇರಿ ಸಮುದ್ರದಾಚೆಗೆ ಹೋಗುತ್ತಿತ್ತು. 1204ರಲ್ಲಿ ವರ್ತಕರ ಸರಕಿನ ಮೇಲೆ ಹಾಕಿದ ತೆರಿಗೆಯಲ್ಲಿ ಲಂಡನ್ ಕೊಟ್ಟದ್ದು 836 ಪೌಂಡ್, ಬಾಸ್ಟನ್ 780. ಚರ್ಚಿನ ಕಲ್ಲುಗಳ ಹಿಂದಿರುವುದು ಆ ಹಣ.

ಈಗ ಮುಖ್ಯ ಪ್ರಶ್ನೆ. ಜನ ಸೇರುವ ಉದ್ದನೆಯ ನಡುಭಾಗ ‘ನೇವ್’. ಅದರಾಚೆ ಪೂರ್ವಕ್ಕೆ ಪಾದ್ರಿಗಳ ಭಾಗ ‘ಚಾನ್ಸೆಲ್’. ಹಲವರು ಇವನ್ನು ‘ನವರಂಗ’, ‘ಗರ್ಭಗುಡಿ’ ಎಂದು ಕರೆದು ಮುಗಿಸುತ್ತಾರೆ. ನನಗೆ ಎರಡೂ ಒಪ್ಪಿಗೆಯಿಲ್ಲ.

ನವರಂಗವೆಂದರೆ ನಡುವೆ ನಾಲ್ಕು ಕಂಬಗಳು ನಿಂತು ಒಂಬತ್ತು ಅಂಕಣಗಳಾದ, ಅಂದರೆ ಕಂಬಗಳ ನಡುವಿನ ಒಂಬತ್ತು ಭಾಗಗಳಾದ, ಚೌಕ. ಬಾಸ್ಟನ್ನಿನ ನೇವ್ ಚೌಕವಲ್ಲ, ಏಳು ಅಂಕಣ ಉದ್ದದ ಸಾಲು. ಪಕ್ಕಕ್ಕೆ ಆರರಂತೆ ಹನ್ನೆರಡು ಕಂಬಗಳು. ವರ್ಷದ ಹನ್ನೆರಡು ತಿಂಗಳಿಗೆ ಹನ್ನೆರಡು ಕಂಬ, ವಾರಕ್ಕೆ ಏಳು ಬಾಗಿಲು, ದಿನಕ್ಕೊಂದರಂತೆ ಗೋಪುರಕ್ಕೆ 365 ಮೆಟ್ಟಿಲು ಎಂದು ಊರವರು ಲೆಕ್ಕ ಹೇಳುವುದುಂಟು. ಕಂಬಗಳ ಸಂಖ್ಯೆಗೆ ಪಂಚಾಂಗ ಬೇಕಿಲ್ಲ; ಏಳಂಕಣಕ್ಕೆ ಆರು ಕಂಬ ಬೀಳಲೇಬೇಕು. ನಮ್ಮ ‘ಅಂಕಣ’ ಇಲ್ಲಿ ಎಷ್ಟು ಚೆನ್ನಾಗಿ ಕೂರುತ್ತದೆ ನೋಡಿ: ಹಳೆಯ ಮನೆಯ ಅಳತೆಯ ಮಾತು ಕಮಾನುಗಳ ಸಾಲಿಗೂ ಸಲ್ಲುತ್ತದೆ. ಅದೇ ರೀತಿ ನೇವ್‌ನ ಎರಡೂ ಬದಿಯ ಓಣಿಗಳಿಗೆ, ಅಂದರೆ ‘ಐಲ್’ಗಳಿಗೆ, ‘ಕೈಸಾಲೆ’ ಸಿದ್ಧವಾಗಿಯೇ ಇದೆ.

ನವರಂಗವನ್ನು ಬೇಡವೆನ್ನಲು ಆಕಾರಕ್ಕಿಂತ ದೊಡ್ಡ ಕಾರಣ ಹೊಣೆಗಾರಿಕೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಚಾನ್ಸೆಲ್ಲಿನ ದುರಸ್ತಿ ರೆಕ್ಟರ್‌ನ (ಚರ್ಚಿನ ಆದಾಯದ ಹಕ್ಕುದಾರನಾದ ಪಾದ್ರಿ ಅಥವಾ ಮಠದ) ಪಾಲಿಗೆ, ನೇವ್‌ನ ದುರಸ್ತಿ ಊರವರ ಪಾಲಿಗೆ. ಅದೇ ಮಾಡು, ಅದೇ ಗೋಡೆ. ಸೋರಿದರೆ ಮಾತ್ರ ಎಲ್ಲಿ ಸೋರಿತು ಎಂಬುದು ಮುಖ್ಯ. ಬಾಸ್ಟನ್ನಿನಲ್ಲಿ ರೆಕ್ಟರನ್ನು ನೇಮಿಸುವ ಹಕ್ಕು ಬಹುಕಾಲ ದೂರದ ಯಾರ್ಕಿನ ಸೇಂಟ್ ಮೇರಿ ಮಠದ್ದಾಗಿತ್ತು. ಮಠವೇ ರೆಕ್ಟರ್ ಆಗಿರುವ ಕಡೆ ಆದಾಯದ ದೊಡ್ಡ ಪಾಲು ಮಠಕ್ಕೆ, ನಿತ್ಯದ ಕೆಲಸ ಅದರ ಪರವಾಗಿ ನಿಲ್ಲುವ ವಿಕಾರ್‌ಗೆ. (1612ರಿಂದ 1633ರವರೆಗೆ ಇಲ್ಲಿ ವಿಕಾರ್ ಆಗಿದ್ದ ಜಾನ್ ಕಾಟನ್ ಅಮೆರಿಕದ ಬಾಸ್ಟನ್ನಿಗೆ ಹೋದವರು. ಆ ಹೊತ್ತಿಗೆ ಮಠಗಳು ಮುಚ್ಚಿ ಎಷ್ಟೋ ಕಾಲವಾಗಿತ್ತು.) ನೇವ್ ಊರವರದೆಂಬ ಈ ಅರ್ಥ ‘ನವರಂಗ’ದಲ್ಲಿ ಇಲ್ಲ. ‘ನಡುಹಜಾರ’ ಎಂದರೆ ಹೇಗೆ? ಹಜಾರ ಜನ ಕೂಡುವ ಜಾಗ, ಅಷ್ಟು ಮಟ್ಟಿಗೆ ಸರಿ. ‘ನೇವ್’ಗೆ ಮೂಲವಾದ ಲ್ಯಾಟಿನ್ನಿನ ‘ನಾವಿಸ್’ (ಹಡಗು) ಮತ್ತು ನಮ್ಮ ‘ನಾವೆ’ ಒಂದೇ ಬುಡದವು ಎಂಬ ಆಸೆಗೆ ‘ನಾವೆ’ ಎಂದು ಬರೆದದ್ದನ್ನೂ ಕಂಡಿದ್ದೇನೆ. ಅಲ್ಲಿ ಓದುಗ ದೋಣಿ ಹುಡುಕುತ್ತಾನೆ.

ಚಾನ್ಸೆಲ್ ಕೂಡ ಗರ್ಭಗುಡಿಯಲ್ಲ. ಅದು ಕಿರಿದಾದ ಕತ್ತಲೆಯ ಕೋಣೆಯಲ್ಲ. ದೊಡ್ಡ ಕಿಟಕಿಗಳ ಬೆಳಕಿನಲ್ಲಿ ಪಾದ್ರಿಗಳು ಎದುರುಬದುರು ಸಾಲಾಗಿ ಹಾಡುತ್ತಿದ್ದ ಜಾಗ. ‘ಬಲಿಪೀಠದ ಸಾಲೆ’ ಎನ್ನೋಣವೆಂದರೆ ಇನ್ನೊಂದು ತೊಡಕು. ಕ್ರೈಸ್ತರ ಕನ್ನಡದಲ್ಲಿ ಬಲಿಪೀಠ ಎಲ್ಲಕ್ಕಿಂತ ಒಳಗಿನದು, ದೇವಸ್ಥಾನದಲ್ಲಿ ಅದು ಬಾಗಿಲ ಹೊರಗೆ, ಧ್ವಜಸ್ತಂಭದ ಬಳಿ. ಸದ್ಯಕ್ಕೆ ‘ಪೂಜಾಪೀಠದ ಸಾಲೆ’ ಎಂದು ಬರೆದಿದ್ದೇನೆ, ಸಮಾಧಾನವಿಲ್ಲ.

ಕೊನೆಯದು ‘ಮಿಸೆರಿಕಾರ್ಡ್’. ಅದೇ ಚಾನ್ಸೆಲ್ಲಿನಲ್ಲಿ ಸುಮಾರು 1390ರ ಮರದ ಆಸನಗಳಿವೆ. ಮೇಲೆತ್ತಿದರೆ ಹಲಗೆಯ ಅಡಿಯಲ್ಲಿ ಸಣ್ಣ ಚಾಚು. ಗಂಟೆಗಟ್ಟಲೆ ನಿಂತೇ ಪ್ರಾರ್ಥಿಸಬೇಕಾದ ಪಾದ್ರಿ ನಿಂತಂತೆ ಕಾಣುತ್ತಲೇ ಅದಕ್ಕೆ ಒರಗಿ ಅರೆಕೂರಬಹುದು. ಚಾಚಿನ ಕೆಳಗಿನ ಕೆತ್ತನೆಗೆ ದೇವರ ಭಯವಿಲ್ಲ: ಒಂದರಲ್ಲಿ ಮೇಷ್ಟರು ಹುಡುಗನಿಗೆ ಬೆತ್ತದ ಸೇವೆ ಮಾಡುತ್ತಿದ್ದಾರೆ, ಇನ್ನೊಂದರಲ್ಲಿ ಕರಡಿ ಆರ್ಗನ್ ನುಡಿಸುತ್ತಿದೆ. ಲ್ಯಾಟಿನ್ನಿನಲ್ಲಿ ಮೂಲಪದಕ್ಕೆ ಕನಿಕರ ಎಂದರ್ಥ. ‘ಕರುಣಾಸನ’ ಎಂದರೆ ಯೋಗದ ಭಂಗಿಯಾಗುತ್ತದೆ. ‘ಕನಿಕರದ ಹಲಗೆ’ ನನ್ನ ಆಯ್ಕೆ.

ಕರಾವಳಿಯ ಇಗರ್ಜಿಗಳ ಒಡನಾಟವಿರುವವರು, ಹಳೆಯ ಮಿಷನ್ ಬರಹಗಳನ್ನು ಓದಿದವರು ನೇವ್ ಮತ್ತು ಚಾನ್ಸೆಲ್‌ಗೆ ಬಳಕೆಯಲ್ಲಿದ್ದ ಮಾತುಗಳನ್ನು ತಿಳಿಸಿದರೆ ಉಪಕಾರ. ಬಳಸಿದ ವಾಕ್ಯವೂ ಜೊತೆಗಿದ್ದರೆ ಇನ್ನೂ ಒಳ್ಳೆಯದು.